ಕ್ಯಾನಿಂಗ್ ನದಿಯಲ್ಲಿ ಮೂರು ನಕ್ಷೆ, ಒಂದು ದೋಣಿ

ಅಪ್ಪ ಹರಿಹರದ ಕಡೆ ಸರ್ವೆಯರ್ ಆಗಿದ್ದವರು. 33 ಅಡಿ ಸರಪಳಿ ಎಳೆದು ಹೊಲ ಅಳೆಯುತ್ತಿದ್ದರು. ಶಾಲೆಗೆ ರಜೆ ಇದ್ದಾಗ ಸರಪಳಿಯ ಇನ್ನೊಂದು ತುದಿ ನನ್ನ ಕೈಲಿ, ಉಳಿದ ದಿನ ಊರಿನ ತಳವಾರನ ಕೈಲಿ. ನಾನೂ ಈಗ ಮಾಡುವುದು ಹೆಚ್ಚುಕಮ್ಮಿ ಅದೇ ಕೆಲಸ, ಆದರೆ ಸಿಯಾಟಲ್‌ನಲ್ಲಿ ಕುರ್ಚಿ ಮೇಲೆ ಕೂತು. ರೇಡಾರ್ ಮತ್ತು ಉಪಗ್ರಹದ ಚಿತ್ರಗಳಿಂದ ನೆಲದ ಏರಿಳಿತದ ನಕ್ಷೆ ಮಾಡುತ್ತೇನೆ. ಅಲಾಸ್ಕಾದ ಉತ್ತರ ಅಂಚಿನ ಕ್ಯಾನಿಂಗ್ ನದಿಯನ್ನು ಪರದೆ ಮೇಲೆ ನೂರು ಸಲ ನೋಡಿದ್ದೆ. ಅದರ ನೀರಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಎಂಟು ವರ್ಷದಿಂದ ಇರುವ ನಮ್ಮ ಭಾವನಿಗೆ ದೋಣಿಯ ಹುಚ್ಚು. "ಏನಪ್ಪಾ ಸರ್ವೆಯರ್ ಸಾಹೇಬ್ರೇ, ಬರೀ ಪರದೆ ನೋಡೋದೇನಾ, ಒಂದ್ಸಲ ನದಿ ನೋಡೋಣ ಬನ್ನಿ" ಅಂತ ಎರಡು ವರ್ಷದಿಂದ ಕಾಡುತ್ತಿದ್ದರು. ಹೋದ ಜುಲೈ ಕೊನೆಗೆ ಹೊರಟೇಬಿಟ್ಟೆವು. ಚೀಲದಲ್ಲಿ ಮೂರು ನಕ್ಷೆ ಇದ್ದವು. ಒಂದು, 1919ರಲ್ಲಿ ಅಚ್ಚಾದ ನಕ್ಷೆಯ ಪ್ರತಿ. ಇನ್ನೊಂದು, 1950ರ ದಶಕದ ವಿಮಾನ ಫೋಟೋಗಳಿಂದ ಮಾಡಿದ ಕಾಗದದ ಹಾಳೆ. ಮೂರನೆಯದು ಫೋನಿನಲ್ಲಿದ್ದ ಹೊಸದು.

ಮೊದಲ ದಿನ: ಧೂಳಿನ ರಸ್ತೆ

ಡಾಲ್ಟನ್ ಹೈವೇ 666 ಕಿ.ಮೀ. ಉದ್ದ. ಬಹುಪಾಲು ಜಲ್ಲಿಕಲ್ಲಿನ ರಸ್ತೆ. ಎಣ್ಣೆಯ ಪೈಪ್‌ಲೈನ್ ಕಟ್ಟಲು 1974ರಲ್ಲಿ ಹಾಕಿದ್ದು. ಬಾಡಿಗೆ ಕಾರಿನವರು ಸಾಮಾನ್ಯವಾಗಿ ಈ ರಸ್ತೆಗೆ ಬಿಡುವುದಿಲ್ಲ, ಹಾಗಾಗಿ ಉತ್ತರಕ್ಕೆ ಹೋಗುವ ಒಂದು ವ್ಯಾನಿನಲ್ಲಿ ಸೀಟು ಹಿಡಿದೆವು. ಎದುರಿಗೆ ಲಾರಿ ಬಂದಾಗಲೆಲ್ಲ ಚಾಲಕಿ ಗಾಡಿ ನಿಧಾನ ಮಾಡಿ ಬಲಕ್ಕೆ ಸರಿಯುತ್ತಿದ್ದಳು. ಮುಂದಿನ ಗಾಜಿನಲ್ಲಿ ಆಗಲೇ ಮೂರು ಬಿರುಕಿದ್ದವು. "ಇದು ಮೂರನೇ ಗಾಜು" ಅಂದಳು, ಹವಾಮಾನ ಹೇಳುವ ಹಾಗೆ.

ರಾತ್ರಿ ಕೋಲ್ಡ್‌ಫುಟ್‌ನಲ್ಲಿ. ಚಿನ್ನ ಹುಡುಕಿಕೊಂಡು ಬಂದವರು ಇಲ್ಲಿವರೆಗೆ ಬಂದು ಹೆದರಿ ವಾಪಸ್ ಹೋದರಂತೆ. ಇಂಗ್ಲಿಷಿನಲ್ಲಿ ಹೆದರಿ ಹಿಂಜರಿದವರಿಗೆ ಕಾಲು ತಣ್ಣಗಾಯಿತು ಅನ್ನುತ್ತಾರೆ, ಅದಕ್ಕೇ ಆ ಹೆಸರು. ಇಲ್ಲಿ ಬಿಟ್ಟರೆ ಮುಂದೆ 240 ಮೈಲಿ ಪೆಟ್ರೋಲ್ ಇಲ್ಲ, ಅಂಗಡಿ ಇಲ್ಲ. ಊಟಕ್ಕೆ ಕೂತಿದ್ದಾಗ ಪಕ್ಕದ ಲಾರಿ ಡ್ರೈವರ್ ನನ್ನ ನಕ್ಷೆ ಕಡೆ ಬಗ್ಗಿದ. "ಅದರಲ್ಲಿ ಈ ರಸ್ತೇನೇ ಇಲ್ಲವಲ್ಲ" ಅಂದ. ನಿಜ. 1950ರ ಹಾಳೆಯಲ್ಲಿ ರಸ್ತೆ ಎಲ್ಲಿಂದ ಬರಬೇಕು? "ನಾಳೆ 219ನೇ ಮೈಲಿ ಹತ್ತಿರ ಬಲಗಡೆ ನೋಡಿ. ಗುಡ್ಡ ನಡ್ಕೊಂಡು ಬರ್ತಿದೆ. ಅದಕ್ಕೆ ಹೆದರಿ ರಸ್ತೆನೇ ಪಕ್ಕಕ್ಕೆ ಸರಿಸಿದರು."

ತಮಾಷೆ ಅಂದುಕೊಂಡೆ. ಅಲ್ಲವಂತೆ. ಹೆಪ್ಪುಗಟ್ಟಿದ ಮಣ್ಣು, ಕಲ್ಲು, ಮುರಿದ ಮರ ಎಲ್ಲ ಸೇರಿದ ದೊಡ್ಡ ರಾಶಿಯೊಂದು ಇಳಿಜಾರಿನಲ್ಲಿ ತೆವಳುತ್ತಿದೆ. 2018ರಲ್ಲಿ ರಸ್ತೆಯನ್ನು ಅದರ ದಾರಿಯಿಂದ ದೂರಕ್ಕೆ ಹೊಸದಾಗಿ ಹಾಕಿದರು. ಮರುದಿನ ನೋಡಿದೆವು. ಮರಗಳೆಲ್ಲ ಕುಡಿದವರ ಹಾಗೆ ವಾಲಿಕೊಂಡು ನಿಂತಿದ್ದವು.

ಎರಡು, ಮೂರನೇ ದಿನ: ಕಾಯುವುದು

ಆಟಿಗನ್ ಪಾಸ್ 1,444 ಮೀಟರ್ ಎತ್ತರ. ಅದನ್ನು ದಾಟಿದ ಮೇಲೆ ಮರವೇ ಇಲ್ಲ. ಬ್ರೂಕ್ಸ್ ರೇಂಜ್ ಅನ್ನುವ ಬೆಟ್ಟಸಾಲು ಬೆನ್ನ ಹಿಂದೆ, ಮುಂದೆ ಬಟಾಬಯಲು. ಹ್ಯಾಪಿ ವ್ಯಾಲಿ ಅಂದರೆ ರಸ್ತೆ ಪಕ್ಕದ ಒಂದು ಏರ್‌ಸ್ಟ್ರಿಪ್, ಅಷ್ಟೆ. ವ್ಯಾಲಿ ಸರಿ, ಹ್ಯಾಪಿ ಯಾಕೋ ಗೊತ್ತಾಗಲಿಲ್ಲ. ಮಳೆ, ಮೋಡ. ಇಡೀ ಒಂದು ದಿನ ಡೇರೆಯಲ್ಲಿ ಕೂತೆವು. ಈ ಕಡೆ ಬರುವವರು ಹೋಗಲೊಂದು, ಬರಲೊಂದು ಅಂತ ಎರಡು ದಿನ ಖಾಲಿ ಇಟ್ಟುಕೊಂಡೇ ಬರಬೇಕು. ಟಿಕೆಟ್ ಬಿಗಿಯಾಗಿ ಹಾಕಿಕೊಂಡು ಬಂದರೆ ವಿಮಾನ ಹಾರಿಸುವವನನ್ನು ಪೀಡಿಸುವ ಆಸೆ ಬರುತ್ತೆ. ಆ ಆಸೆ ಒಳ್ಳೆಯದಲ್ಲ.

ಕಾಯುವಾಗ 1919ರ ನಕ್ಷೆ ಹರಡಿಕೊಂಡೆ. ಅದನ್ನು ಮಾಡಿದವನು ಅರ್ನೆಸ್ಟ್ ಲೆಫಿಂಗ್‌ವೆಲ್. 1906ರಲ್ಲಿ ಡೆನ್ಮಾರ್ಕಿನ ಅನ್ವೇಷಕ ಐನಾರ್ ಮಿಕೆಲ್ಸನ್ ಜೊತೆ ಹಡಗಿನಲ್ಲಿ ಇಲ್ಲಿಗೆ ಬಂದ. ಸಮುದ್ರದಾಚೆ ಉತ್ತರಕ್ಕೆ ಹೊಸ ನೆಲ ಇದೆಯಾ ಅಂತ ಹುಡುಕಲು. ನೆಲ ಸಿಗಲಿಲ್ಲ, ಹಡಗು ಮಂಜುಗಡ್ಡೆಗೆ ಸಿಕ್ಕಿ ಹಾಳಾಯಿತು. ಬೇರೆಯವರು ವಾಪಸ್ ಹೋದರು. ಇವನು ಅದೇ ಹಡಗಿನ ಹಲಗೆಗಳಿಂದ ಕ್ಯಾನಿಂಗ್ ನದಿ ಸಮುದ್ರ ಸೇರುವ ಕಡೆಯ ಫ್ಲಾಕ್ಸ್‌ಮನ್ ದ್ವೀಪದಲ್ಲಿ ಗುಡಿಸಲು ಕಟ್ಟಿಕೊಂಡು ಉಳಿದ. 1914ರವರೆಗೆ ನಡುನಡುವೆ ಊರಿಗೆ ಹೋಗಿಬಂದರೂ ಒಟ್ಟು 9 ಬೇಸಿಗೆ, 6 ಚಳಿಗಾಲ ಇಲ್ಲಿ ಕಳೆದ. ನಾಯಿಗಾಡಿ ಮತ್ತು ಪುಟ್ಟ ದೋಣಿಯಲ್ಲಿ 31 ಸುತ್ತು, ಸುಮಾರು 7,200 ಕಿ.ಮೀ. ಬಹುಪಾಲು ಸ್ವಂತ ದುಡ್ಡಿನಲ್ಲಿ. ಅಮೆರಿಕದ ಭೂವಿಜ್ಞಾನ ಸರ್ವೆ ಇಲಾಖೆ ಅವನ ವರದಿಯನ್ನು 1919ರಲ್ಲಿ ಅಚ್ಚು ಹಾಕಿತು. ನಾನು ಪರದೆ ಮೇಲೆ ಒಂದು ಮಧ್ಯಾಹ್ನದಲ್ಲಿ ಮುಗಿಸುವ ನೆಲ ಅದು.

"ಹೆಂಡತಿ ಮಕ್ಕಳು ಇರಲಿಲ್ವಾ ಅವನಿಗೆ?" ಅಂದರು ಭಾವ, ಅವಲಕ್ಕಿ ಕಲಸುತ್ತಾ.

ನಾಲ್ಕನೇ ದಿನ: ಇಳಿದೆವು

ಬೆಳಿಗ್ಗೆ ಮೋಡ ಹರಿಯಿತು. ನಮ್ಮನ್ನೂ ಸೇರಿಸಿ ಎಲ್ಲವನ್ನೂ ತಕ್ಕಡಿಗೆ ಹಾಕಿದರು. ಕರಡಿಗೆ ಹೊಡೆಯುವ ಖಾರದ ಸ್ಪ್ರೇ ಡಬ್ಬಿಗಳು ವಿಮಾನದೊಳಗೆ ಬರುವಂತಿಲ್ಲ, ರೆಕ್ಕೆಯ ಊರುಗೋಲಿಗೆ ಹೊರಗಿನಿಂದ ಕಟ್ಟಿದರು. ಊಟವೆಲ್ಲ ಕರಡಿಗೆ ತೆಗೆಯಲಾಗದ ಡಬ್ಬಿಗಳಲ್ಲೇ ಇರಬೇಕು, ಆ ಡಬ್ಬಿಯಲ್ಲಿ ತೂಕಕ್ಕಿಂತ ಜಾಗದ್ದೇ ಸಮಸ್ಯೆ. ಅಕ್ಕ ಪ್ರೀತಿಯಿಂದ ಕಟ್ಟಿಕೊಟ್ಟಿದ್ದ ಮಂಡಕ್ಕಿಯೇ ಒಂದು ಇಡೀ ಡಬ್ಬಿ ತುಂಬಿಬಿಟ್ಟಿತ್ತು. ಹಾಗಾಗಿ ಹ್ಯಾಪಿ ವ್ಯಾಲಿಯಲ್ಲೇ ಕೂತು ತಿಂದು ಖಾಲಿ ಮಾಡಿದ್ದೆವು. ಚಟ್ನಿಪುಡಿ ಮಾತ್ರ ಬಿಡಲಿಲ್ಲ.

ದಪ್ಪ ಗಾಲಿಯ ಪುಟ್ಟ ವಿಮಾನ ಮಾರ್ಷ್ ಫೋರ್ಕ್ ಅನ್ನುವ ಮೇಲಿನ ಕವಲಿನ ದಂಡೆಗೆ ಇಳಿಯಿತು. ರನ್‌ವೇ ಅಂತ ಏನಿಲ್ಲ, ಬರೀ ಜಲ್ಲಿ. ಅದು ಹಾರಿಹೋದ ಮೇಲೆ ಸದ್ದು ಅಂದರೆ ನೀರಿನದು ಮತ್ತು ಸೊಳ್ಳೆಯದು. ಜುಲೈ ಕೊನೆಗೆ ಸೊಳ್ಳೆ ಕಮ್ಮಿ ಅಂತ ಹೇಳಿದ್ದರು. ಇದು ಕಮ್ಮಿಯಾದರೆ ಜಾಸ್ತಿ ಹೇಗಿರಬಹುದು ಅಂತ ಯೋಚಿಸಲೂ ಭಯ. ತಲೆಗೆ ಹಾಕುವ ಬಲೆ ಮರೆಯಬೇಡಿ.

ಸೂರ್ಯ ಮಧ್ಯರಾತ್ರಿ ಹೊತ್ತಿಗೆ ಗುಡ್ಡದ ಹಿಂದೆ ಮುಳುಗಿದ ಹಾಗೆ ಮಾಡಿ ಮತ್ತೆ ಎದ್ದು ಬಂದ.

ಐದನೇ ದಿನ: ನಕ್ಷೆ ನಂಬಿ ಕೆಟ್ಟೆವು

ಈ ನದಿ ಒಂದೇ ಹರಿವಾಗಿ ಹೋಗುವುದಿಲ್ಲ. ಜಡೆ ಹೆಣೆದ ಹಾಗೆ ಐದಾರು ಎಳೆಯಾಗಿ ಸೀಳಿ, ಸೇರಿ, ಮತ್ತೆ ಸೀಳುತ್ತೆ. ಕಾಗದದ ಹಾಳೆಯಲ್ಲಿ ಎಡಗಡೆಯ ಎಳೆ ದಪ್ಪ ನೀಲಿ. ನಾನು ಎಡಕ್ಕೆ ಅಂದೆ. ಭಾವ ಬಲಕ್ಕೆ ಅಂದರು. ನಕ್ಷೆ ಯಾರ ಕೈಲಿತ್ತೋ ಅವರ ಮಾತು ನಡೆಯಿತು.

ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ನೀರು ಮೊಣಕಾಲಿಗೆ, ಆಮೇಲೆ ಪಾದಕ್ಕೆ, ಆಮೇಲೆ ಜಲ್ಲಿಯೊಳಗೆ ಇಂಗಿಯೇ ಹೋಯಿತು. ನಕ್ಷೆಯಲ್ಲಿ ನದಿ ಇದ್ದ ಕಡೆ ಸೊಂಟದೆತ್ತರದ ವಿಲೋ ಗಿಡ. ಫೋನ್ ತೆಗೆದೆ. ಅದರಲ್ಲೂ ನದಿ ಬೇರೆ ಕಡೆ. ಅದರ ಚಿತ್ರ ತೆಗೆದ ಮೇಲೂ ಕೆಲವು ಬೇಸಿಗೆ ಕಳೆದಿದ್ದವು, ಅಷ್ಟರಲ್ಲಿ ನದಿ ಮತ್ತೊಂದು ಸಲ ಹೊರಳಿತ್ತು. ಸಾಮಾನು ಇಳಿಸಿ, ದೋಣಿ ಹೊತ್ತು, ನಾಲ್ಕು ಓಡಾಟದಲ್ಲಿ ಎಲ್ಲವನ್ನೂ ಬಲಗಡೆಯ ಎಳೆಗೆ ಸಾಗಿಸಿದೆವು. ಎರಡೂವರೆ ತಾಸು. ನನ್ನ ಒಂದು ಬೂಟಿನ ತಳ ಬಾಯಿ ಬಿಟ್ಟಿತು.

ಭಾವ ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು. "ಬಣ್ಣ ನೋಡು. ಕಪ್ಪಗಿರೋ ನೀರು ಆಳ, ಮಿರಿಮಿರಿ ಮಿಂಚೋದು ಕಲ್ಲಿನ ಮೇಲೆ ಹರಿಯೋದು. ದಂಡೆ ಕುಸೀತಿರೋ ಕಡೆ ನೀರು ಹೋಗ್ತಿದೆ ಅಂತ ಅರ್ಥ. ಇಷ್ಟೇ" ಅಂದರು. ಆಮೇಲೆ ನಕ್ಷೆಯನ್ನು ಗುಡ್ಡ ಗುರುತಿಸಲು ಮಾತ್ರ ತೆಗೆದೆ. ಗುಡ್ಡಗಳು ಪಾಪ ಇದ್ದಲ್ಲೇ ಇದ್ದವು.

ದಿಕ್ಸೂಚಿ ನಂಬುವವರಿಗೂ ಒಂದು ಮಾತು. ಹಳೆ ಹಾಳೆಯ ಅಂಚಿನಲ್ಲಿ ಅಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ 30 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರೆದಿರುತ್ತೆ. ಈಗ ಅದು ಸುಮಾರು ಅರ್ಧಕ್ಕೆ ಇಳಿದಿದೆ. ಹಳೆ ಅಂಕಿ ಹಿಡಿದು ನಡೆದರೆ ಬೇರೆ ಕಣಿವೆಗೇ ಹೋಗಿ ಸೇರುತ್ತೀರಿ.

ಆರನೇ ದಿನ: ಗುಡ್ಡ ಹತ್ತಿದ್ದು

ದೋಣಿಗೆ ರಜೆ ಕೊಟ್ಟು ಪೂರ್ವದ ಒಂದು ದಿಣ್ಣೆ ಹತ್ತಿದೆವು. ಎರಡು ಕಿ.ಮೀ. ನಡೆಯಲು ಒಂದೂವರೆ ತಾಸು. ನೆಲದ ತುಂಬ ಫುಟ್‌ಬಾಲ್ ಗಾತ್ರದ ಹುಲ್ಲಿನ ಗುಬಟುಗಳು. ಮೇಲೆ ಕಾಲಿಟ್ಟರೆ ಉರುಳುತ್ತೆ, ನಡುವೆ ಇಟ್ಟರೆ ಕೆಸರು.

ಕಾಗದದ ಹಾಳೆಯಲ್ಲಿ ಒಂದು ಇಂಚು ಒಂದು ಮೈಲಿಗೆ ಸಮ. ನಮ್ಮ ದೇಶದಲ್ಲೂ ಹಿಂದೆ ಒಂದಿಂಚಿನ ಹಾಳೆಗಳೇ ಇದ್ದವು, ಅಪ್ಪನ ಪೆಟ್ಟಿಗೆಯಲ್ಲಿ ಒಂದು ಈಗಲೂ ಇದೆ. ಆ ಹಾಳೆಯಲ್ಲಿ ಎತ್ತರದ ಗೆರೆಗಳ ನಡುವೆ 100 ಅಡಿ ಅಂತರ. ಅಂದರೆ 60 ಅಡಿಯ ಬಂಡೆಯೊಂದು ಎರಡು ಗೆರೆಗಳ ನಡುವೆ ಆರಾಮಾಗಿ ಬಚ್ಚಿಟ್ಟುಕೊಳ್ಳಬಹುದು. ಅಂಥ ಒಂದು ಬಂಡೆಯ ಬುಡಕ್ಕೇ ಹೋಗಿ ನಿಂತೆವು. ಸುತ್ತು ಹಾಕಲು ಇನ್ನೊಂದು ತಾಸು. ಫೋನಿನ ಹೊಸ ನಕ್ಷೆಯಲ್ಲಿ ಆ ಬಂಡೆ ಸ್ಪಷ್ಟವಾಗಿತ್ತು. ಅದು ವಿಮಾನದಿಂದ ರೇಡಾರ್ ಬಿಟ್ಟು ಅಳೆದದ್ದು. ಅಲಾಸ್ಕಾದಲ್ಲಿ ಮೋಡ ಇಲ್ಲದ ದಿನ ಕಾದರೆ ಕೆಲಸವೇ ಮುಗಿಯುವುದಿಲ್ಲ, ರೇಡಾರಿಗೆ ಮೋಡದ ಹಂಗಿಲ್ಲ. ಹೀಗೆ ಇಡೀ ರಾಜ್ಯಕ್ಕೆ 11,000ಕ್ಕೂ ಹೆಚ್ಚು ಹೊಸ ಹಾಳೆಗಳಾಗಿವೆ. ಆ ದಿನ ಮಾತ್ರ ನನ್ನ ಕಸುಬಿನ ಬಗ್ಗೆ ಸ್ವಲ್ಪ ಜಂಬ ಬಂತು. ಆದರೆ ತಂಪಿಗೆ ಫೋನಿನ ಬ್ಯಾಟರಿ ಸತ್ತುಹೋಯಿತು. ರಾತ್ರಿ ಫೋನನ್ನು ಮಲಗುಚೀಲದೊಳಗೆ ಇಟ್ಟುಕೊಂಡು ಮಲಗಬೇಕು, ನಾನು ಇಟ್ಟಿರಲಿಲ್ಲ.

ತುದಿಯಲ್ಲಿ ಗಾಳಿ ಜೋರಾಗಿತ್ತು. ಪೂರ್ವಕ್ಕೆ ಹಿಮದ ಶಿಖರಗಳ ಸಾಲು. ಅಲ್ಲಿ ಯಾವುದು ಎತ್ತರ ಅನ್ನುವುದೇ ದೊಡ್ಡ ಕಥೆ. 1950ರ ದಶಕದ ಎರಡು ಅಳತೆಯ ಸರ್ಕಾರಿ ನಕ್ಷೆಗಳೇ ಒಂದಕ್ಕೊಂದು ಒಪ್ಪುತ್ತಿರಲಿಲ್ಲ. ಒಂದರಲ್ಲಿ ಚೇಂಬರ್ಲಿನ್ ದೊಡ್ಡದು, ಇನ್ನೊಂದರಲ್ಲಿ ಇಸ್ಟೋ. 2014ರಲ್ಲಿ ಹಿಮನದಿ ವಿಜ್ಞಾನಿ ಮ್ಯಾಟ್ ನೋಲನ್ ಸಣ್ಣ ವಿಮಾನದಿಂದ ಫೋಟೋ ತೆಗೆದು, ಪರ್ವತಾರೋಹಿ ಕಿಟ್ ಡೆಲೋರಿಯರ್ಸ್ ಜಿಪಿಎಸ್ ಹೊತ್ತು ಶಿಖರ ಹತ್ತಿ, ಎರಡನ್ನೂ ತಾಳೆ ನೋಡಿದರು. ಇಸ್ಟೋ 2,735.6 ಮೀಟರ್, ಅದೇ ಎತ್ತರದ್ದು. ಚೇಂಬರ್ಲಿನ್ ಮೂರನೇ ಸ್ಥಾನಕ್ಕೆ ಹೋಯಿತು. ಅರವತ್ತು ವರ್ಷ ಜಗಳ ಬಗೆಹರಿಯದೆ ಉಳಿದಿತ್ತು, ಯಾಕಂದರೆ ಹೋಗಿ ನೋಡುವವರಿರಲಿಲ್ಲ.

ಲೆಫಿಂಗ್‌ವೆಲ್ ಇಂಥ ದಿಣ್ಣೆಗಳಿಗೇ ಮೂರು ಕಾಲಿನ ಹಲಗೆ ಹೊತ್ತು ಬರುತ್ತಿದ್ದ. ಹಲಗೆ ಮೇಲೆ ಕಾಗದ. ಗೊತ್ತಿರುವ ಜಾಗದಲ್ಲಿ ನಿಂತು ದೂರದ ಶಿಖರಕ್ಕೆ ಗುರಿ ಇಟ್ಟು ಗೆರೆ ಎಳೆಯುವುದು. ಇನ್ನೊಂದು ಜಾಗದಿಂದ ಅದೇ ಶಿಖರಕ್ಕೆ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಶಿಖರ. ಆ ಇನ್ನೊಂದು ಜಾಗ ಅನ್ನುವುದಕ್ಕೆ ಮೂರು ದಿನದ ನಡಿಗೆ ಇರಬಹುದು. ಅಲ್ಲಿ ಹೋದಾಗ ಮಂಜು ಮುಸುಕಿದರೆ ಕೂತು ಕಾಯುವುದು. ಅವನ ನಕ್ಷೆಯನ್ನು ಗಾಳಿಗೆ ಹರಡಿ ಹಿಡಿದು ಎದುರಿನ ಬೆಟ್ಟದ ಅಂಚಿಗೆ ಹೋಲಿಸಿದೆ. ಹೊಂದಿತು. ಭಾವನಿಗೂ ತೋರಿಸಿದೆ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಹಸಿವಾಗ್ತಿದೆ" ಅಂದರು.

ಏಳನೇ ದಿನ: ಶೂಬ್ಲಿಕ್ ಬುಗ್ಗೆ

ಶೂಬ್ಲಿಕ್ ಬೆಟ್ಟದ ಕೆಳಗೆ ಬಂಡೆಯಿಂದ ನೀರು ಉಕ್ಕುತ್ತೆ. ಚಳಿಗಾಲದಲ್ಲೂ ಹೆಪ್ಪುಗಟ್ಟದ ಬುಗ್ಗೆ. ಮರವೇ ಇಲ್ಲದ ಈ ನಾಡಿನಲ್ಲಿ ಅದರ ಹತ್ತಿರ ಮಾತ್ರ ಪಾಪ್ಲರ್ ಮರಗಳು. ನಾಲ್ಕು ದಿನದ ಮೇಲೆ ಮರ ನೋಡಿ ಸುಮ್ನೆ ಹೋಗಿ ಮುಟ್ಟಿ ಬಂದೆ. ಬುಗ್ಗೆ ನೀರು ಕೆಳಗೆ ಹರಿದು ಚಳಿಗಾಲದಲ್ಲಿ ಪದರ ಪದರವಾಗಿ ಹೆಪ್ಪುಗಟ್ಟುತ್ತೆ. ಬೇಸಿಗೆ ಮುಗಿಯುತ್ತಾ ಬಂದರೂ ಅದು ಪೂರ್ತಿ ಕರಗಿರಲಿಲ್ಲ. ಎರಡೂ ಕಡೆ ಆಳೆತ್ತರದ ನೀಲಿ ಮಂಜುಗಡ್ಡೆಯ ಗೋಡೆ, ನಡುವೆ ನಮ್ಮ ದೋಣಿ. ಗೋಡೆ ಆಗಾಗ ದಬಾರ್ ಅಂತ ಬೀಳುತ್ತಿತ್ತು, ನಡುನೀರಲ್ಲೇ ಇರಿ. ಅಂಥ ಗಡ್ಡೆ ಎದುರಾದಾಗ ಮೊದಲು ದಂಡೆಗೆ ಬಂದು ನಡೆದು ನೋಡಬೇಕು. ನೀರು ಗಡ್ಡೆಯ ಅಡಿಗೆ ನುಗ್ಗುತ್ತಿದ್ದರೆ ದೋಣಿಯೂ ಅಲ್ಲಿಗೇ ಹೋಗುತ್ತೆ.

ಸಂಜೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆವು, ಡೇರೆಯಿಂದ ನೂರು ಹೆಜ್ಜೆ ದೂರದಲ್ಲಿ, ವಾಸನೆ ಡೇರೆ ಕಡೆ ಬಾರದ ಹಾಗೆ ಗಾಳಿ ಬೀಸಿ ಹೋಗುವ ಕಡೆಗೆ. ಸಾಸಿವೆ ಸಿಡಿಯುವಾಗ ಆಚೆ ದಂಡೆಯಲ್ಲಿ ಕಂದು ಕರಡಿಯೊಂದು ಮುಖ ಎತ್ತಿ ನಿಂತಿತು. ಇಬ್ಬರೂ ಉಸಿರು ಬಿಡಲಿಲ್ಲ. ಸ್ವಲ್ಪ ಹೊತ್ತು ಮೂಗಾಡಿಸಿ, ಏನೋ ಬೇಡ ಅನ್ನಿಸಿ ಹೊರಟುಹೋಯಿತು. ಇಂಗಿನ ವಾಸನೆ ಇರಬೇಕು ಅಂತ ಭಾವನ ವಾದ.

ಎಂಟು, ಒಂಬತ್ತನೇ ದಿನ: ಬಯಲು, ಗಾಳಿ, ಗಡಿ

ಬೆಟ್ಟ ಮುಗಿದು ಕರಾವಳಿಯ ಬಯಲು ಬಂತು. ಸಮುದ್ರದಿಂದ ಎದುರುಗಾಳಿ. ಹುಟ್ಟು ಹಾಕಿದರೂ ದೋಣಿ ಹಿಂದಕ್ಕೇ ಹೋಗುತ್ತಿತ್ತು. ಕೊನೆಗೆ ರಾತ್ರಿ ಗಾಳಿ ಸ್ವಲ್ಪ ಇಳಿದಾಗ ಸಾಗಿದೆವು. ಬೆಳಕಿಗೇನೂ ಕೊರತೆ ಇಲ್ಲವಲ್ಲ. ಈ ಗಾಳಿಯಲ್ಲೇ ನನ್ನ 1950ರ ಹಾಳೆ ಕೈಯಿಂದ ಹಾರಿ ನದಿಗೆ ಬಿತ್ತು. ಕೈ ಚಾಚುವಷ್ಟರಲ್ಲಿ ಮುಳುಗಿತು.

ಕೊಚ್ಚಿದ ದಂಡೆಯಲ್ಲಿ ಕಪ್ಪು ಮಣ್ಣಿನ ನಡುವೆ ಬೆಣೆ ಹೊಡೆದ ಹಾಗೆ ಶುದ್ಧ ಮಂಜುಗಡ್ಡೆ ಕಾಣಿಸಿತು. ಚಳಿಗೆ ನೆಲ ಬಿರಿಯುತ್ತೆ, ಬಿರುಕಿಗೆ ನೀರು ಇಳಿದು ಹೆಪ್ಪಾಗುತ್ತೆ, ಮರುವರ್ಷ ಅಲ್ಲೇ ಮತ್ತೆ ಬಿರಿಯುತ್ತೆ. ಹೀಗೆ ಶತಮಾನಗಟ್ಟಲೆ. ಇದನ್ನು ಬಿಡಿಸಿ ಹೇಳಿದವನೂ ಲೆಫಿಂಗ್‌ವೆಲ್ಲೇ. ಅವನು ಸ್ಯಾಡ್ಲೆರೋಚಿಟ್ ಅಂತ ಹೆಸರಿಟ್ಟ ಬಂಡೆಯ ಪದರದಲ್ಲೇ 1968ರಲ್ಲಿ ಪ್ರೂಡೋ ಕೊಲ್ಲಿಯ ಎಣ್ಣೆ ಸಿಕ್ಕಿತು. ಆಗ ಅವನಿಗೆ 93 ವರ್ಷ, ಬದುಕಿದ್ದ.

ಎಣ್ಣೆ ಅಂದಮೇಲೆ ಗಡಿ ಜಗಳ ಇರಲೇಬೇಕು. ನದಿಯ ಪೂರ್ವಕ್ಕೆ ಕೇಂದ್ರದ ವನ್ಯಜೀವಿ ಧಾಮ, ಪಶ್ಚಿಮಕ್ಕೆ ರಾಜ್ಯದ ಜಮೀನು. 1960ರ ಆದೇಶದಲ್ಲಿ ಕ್ಯಾನಿಂಗ್ ನದಿಯ ಪಶ್ಚಿಮ ದಂಡೆಯೇ ಗಡಿ. ಆದರೆ ಸಮುದ್ರದ ಹತ್ತಿರ ನದಿಯಿಂದ ಸ್ಟೇನ್ಸ್ ಅನ್ನುವ ಕವಲು ಒಡೆಯುತ್ತೆ. ಅದೂ ಕ್ಯಾನಿಂಗೇ ಅಂತ ಕೇಂದ್ರ, ಅಲ್ಲ ಅಂತ ರಾಜ್ಯ. ನಡುವೆ ಸುಮಾರು 20,000 ಎಕರೆ. ಎರಡು ಕಡೆಯವರೂ ಹಳೆ ನಕ್ಷೆಗಳನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು.

ನನಗೆ ತುಂಗಭದ್ರೆ ದಂಡೆಯ ಒಬ್ಬ ರೈತ ನೆನಪಾದ. ಪ್ರವಾಹದಲ್ಲಿ ಅವನ ಹೊಲದ ಎಂಟು ಗುಂಟೆ ಹೊಳೆ ಪಾಲಾಗಿತ್ತು, ಪಹಣಿಯಲ್ಲಿ ಮಾತ್ರ ಹಾಗೇ ಇತ್ತು. ಬಾಂದುಕಲ್ಲು ಎಲ್ಲಿ ಅಂತ ಅಪ್ಪ ಕೇಳಿದರೆ ನೀರಿನ ನಡುವೆ ಕೈ ತೋರಿಸಿದ್ದ.

ನದಿಗೆ 1826ರಲ್ಲಿ ಹೆಸರಿಟ್ಟವನು ಬ್ರಿಟಿಷ್ ಅನ್ವೇಷಕ ಜಾನ್ ಫ್ರಾಂಕ್ಲಿನ್. ಬ್ರಿಟಿಷ್ ಮಂತ್ರಿ ಜಾರ್ಜ್ ಕ್ಯಾನಿಂಗ್ ಹೆಸರು. 1857ರಲ್ಲಿ ನಮ್ಮಲ್ಲಿ ಗವರ್ನರ್ ಜನರಲ್ ಆಗಿದ್ದ ಕ್ಯಾನಿಂಗ್ ಇವನ ಮಗ. ಇಲ್ಲಿಗೂ ಬಂದನಾ ಮಾರಾಯ ಅಂದರು ಭಾವ. ಬಂದಿರಲಿಲ್ಲ, ಅಪ್ಪನೂ ಬಂದಿರಲಿಲ್ಲ.

ಹತ್ತನೇ ದಿನ: ಕಾಕ್ಟೋವಿಕ್

ಮಂಜಿನಿಂದ ವಿಮಾನ ಆರು ತಾಸು ತಡ. ಬಂದ ಪೈಲಟ್ ಫ್ಲಾಕ್ಸ್‌ಮನ್ ದ್ವೀಪದ ಮೇಲೆ ಒಂದು ಸುತ್ತು ಹೊಡೆಸಿದ. ಗುಡಿಸಲು ಕಾಣುತ್ತೇನೋ ಅಂತ ಗಾಜಿಗೆ ಮೂಗು ಒತ್ತಿ ಕೂತಿದ್ದೆ. ಬೂದು ಮರಳು, ಬೂದು ನೀರು, ಮಂಜು. ಅಷ್ಟೆ.

ಕಾಕ್ಟೋವಿಕ್ ಇನ್ನೂರೈವತ್ತು ಜನರ ಆಸುಪಾಸಿನ ಊರು, ಇಲ್ಲಿನ ಮೂಲನಿವಾಸಿಗಳಾದ ಇನ್ಯೂಪಿಯಟ್ ಜನರದ್ದು. ಮುಂದಿನ ವಿಮಾನಕ್ಕೆ ಮರುದಿನದವರೆಗೆ ಕಾಯಬೇಕಿತ್ತು. ತಂಗಿದ್ದ ಮನೆಯ ಅಜ್ಜಿ ಒಣಗಿಸಿದ ಮೀನು ಕೊಟ್ಟರು, ನಾವು ಚಟ್ನಿಪುಡಿ ಕೊಟ್ಟೆವು. ಮೀನಿಗೆ ಹಚ್ಚಿ ತಿಂದು ಇನ್ನೊಂದು ಚಮಚ ಕೇಳಿದರು. ಕಾಕ್ಟೋವಿಕ್ ಅಂದರೆ ಬಲೆ ಹಾಕುವ ಜಾಗ ಅಂತೆ. ಸೇನೆಯವರು 1947ರಿಂದ 1964ರ ನಡುವೆ ಮೂರು ಸಲ ಈ ಊರನ್ನೇ ಎತ್ತಿಸಿದರು, ಮೊದಲ ಸಲ ಏರ್‌ಸ್ಟ್ರಿಪ್‌ಗೆ ಜಾಗ ಬೇಕು ಅಂತ.

ಉಳಿದಿದ್ದ 1919ರ ನಕ್ಷೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಎಲ್ಲ ನದಿಗಳ ಹೆಸರು. ಕವಿಕ್ ಅಂದರೆ ವುಲ್ವರೀನ್ ಅನ್ನುವ ಕಾಡುಪ್ರಾಣಿ, ಓಕ್ಪಿಲಾಕ್ ಅಂದರೆ ವಿಲೋ ಗಿಡ ಇಲ್ಲದ್ದು. "ಇದು ನಮ್ಮವರು ಹೇಳಿದ್ದು. ಅವನು ಬರೆದುಕೊಂಡ" ಅಂದರು. ಆಮೇಲೆ ಅವರಿಗೆ ಬೇಕಿದ್ದನ್ನು ಕೇಳಿದರು. ಕೆಳಗಿನ ಕವಲಿನಲ್ಲಿ ಈ ವರ್ಷ ನೀರು ಯಾವ ಎಳೆಯಲ್ಲಿದೆ, ಮೀನು ಎಲ್ಲಿ ಕಂಡಿತು. ನನ್ನ ಜಿಪಿಎಸ್ ಗೆರೆಯನ್ನು ಅವರ ಮೊಮ್ಮಗನ ಫೋನಿಗೆ ಹಾಕಿಕೊಟ್ಟೆ. "ಮುಂದಿನ ವರ್ಷಕ್ಕೆ ಇದು ಬರಲ್ಲ, ಆದರೂ ಇರಲಿ" ಅಂದ ಅವನು.

ಸಿಯಾಟಲ್‌ಗೆ ಬಂದ ಭಾನುವಾರ ಅಪ್ಪನಿಗೆ ವಿಡಿಯೋ ಕರೆ ಮಾಡಿ ಎಲ್ಲ ತೋರಿಸಿದೆ. ಕರಡಿ, ಮಂಜುಗಡ್ಡೆ, ಲೆಫಿಂಗ್‌ವೆಲ್‌ನ ನಕ್ಷೆ. ಅವರು ನಕ್ಷೆಗೆ ಮಾತ್ರ ಕಣ್ಣು ಹತ್ತಿರ ತಂದರು.

"ಒಳ್ಳೆ ಕೆಲಸ. ಸರಪಳಿಯ ಆ ತುದಿ ಯಾರು ಹಿಡ್ಕೊಂಡಿದ್ರು?"

"ಸರಪಳಿ ಅಲ್ಲಪ್ಪ, ಕೋನ ಅಳೆದು ಮಾಡಿದ್ದು."

"ಕೋನಾನೇ ಆಗಲಿ. ಹಲಗೆ ಹೊತ್ತೋರು, ನಾಯಿಗೆ ಹಾಕ್ದೋರು, ಅವರೆಲ್ಲ ಯಾರು? ಹೆಸರು ಬರ್ದಿದಾನಾ?"

ನೋಡಿ ಹೇಳ್ತೀನಿ ಅಂದೆ. ವರದಿ ಇನ್ನೂರು ಪುಟಕ್ಕೂ ಜಾಸ್ತಿ ಇದೆ. ರಾತ್ರಿ ಊಟ ಆದಮೇಲೆ ದಿನಕ್ಕಿಷ್ಟು ಅಂತ ಓದುತ್ತಿದ್ದೇನೆ.